ಮಾಯಾಮೃಗವೂ ಮುದ್ರಿಕೆಯೂ

॥ ಶ್ರೀ ಹರಿವಾಯುಗುರುಭ್ಯೋ ನಮಃ ॥



ಸುಂದರಕಾಂಡವನ್ನು ಶ್ರದ್ಧೆಯಿಂದ ಕೇಳುವವರು ನಾವು. ಆದರೂ ಅದರಲ್ಲಿನ ಒಂದು ಸಂಗತಿಯನ್ನು ಗಮನಿಸದೆ ಮುಂದೆ ಸಾಗುತ್ತೇವೆ. ಅಶೋಕವನದಲ್ಲಿ ಹನುಮಂತದೇವರು ತಾವು ರಾಮದೂತರೆಂದು ಅರಿಕೆಮಾಡಿಕೊಂಡಾಗ ಸೀತಾದೇವಿಯು ಕೂಡಲೇ ನಂಬಲಿಲ್ಲ. ವೇಷ ಮರೆಸಿಕೊಂಡ ರಾವಣನೇ ಇವನಿರಬಹುದೆಂದು ಶಂಕಿಸಿದಳು. ಶ್ರೀರಾಮನ ಅಂಗಲಕ್ಷಣಗಳನ್ನು ಹೇಳಿಸಿ ಕೇಳಿದಳು. ಬಳಿಕ ಮುದ್ರಿಕೆಯನ್ನು ಕಂಡು ಹರ್ಷಿಸಿದಳು. ಜಗನ್ಮಾತೆಗೆ ಅಜ್ಞಾನವೆಲ್ಲಿಯದು? ಇದೆಲ್ಲವೂ ಲೋಕಶಿಕ್ಷಣಾರ್ಥವಾಗಿ. ಈ ಪರೀಕ್ಷೆಗೆ ಹನುಮಂತದೇವರು ಮುನಿಯಲಿಲ್ಲ, ಅವಸರಪಡಿಸಲೂ ಇಲ್ಲ. ಪರೀಕ್ಷೆಗೆ ಮುನಿಯದಿರುವುದೇ ನಿಜವಾದ ದೂತನ ಲಕ್ಷಣ.

ಇದನ್ನೀಗ ನೆನೆಯಲು ಕಾರಣವುಂಟು. ನಮ್ಮ ವಾಮಂಜೂರಿನ ಅನೇಕ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರಗಳಲ್ಲಿದ್ದಾರೆ. ಮನೆಯಲ್ಲಿ ವೃದ್ಧ ದಂಪತಿಗಳು, ಕೈಯಲ್ಲೊಂದು ಮೊಬೈಲು. ನಮ್ಮ ಭಜನಾಕೂಟಕ್ಕೆ ತಪ್ಪದೆ ಬರುತ್ತಿದ್ದ ಹಿರಿಯ ತಾಯಿಯೊಬ್ಬರು ಕೆಲವು ತಿಂಗಳು ಕಾಣಿಸಲಿಲ್ಲ. ವಿಚಾರಿಸಲು ಹೋದಾಗ, ಪೊಲೀಸನೆಂದು ಹೇಳಿಕೊಂಡವನ ಒಂದು ಕರೆಯಿಂದ ಕೂಡಿಟ್ಟ ಹಣವೆಲ್ಲ ಹೋದುದನ್ನು ತಿಳಿಸಿ ಕಣ್ಣೀರಿಟ್ಟರು. ಹಣಕ್ಕಿಂತ ಹೆಚ್ಚಾಗಿ, ಇಷ್ಟು ವಯಸ್ಸಾಗಿಯೂ ಮೋಸಹೋದೆನಲ್ಲಾ ಎಂಬ ನಾಚಿಕೆ ಅವರನ್ನು ಸುಡುತ್ತಿತ್ತು. ಮಕ್ಕಳಿಗೂ ಹೇಳಿರಲಿಲ್ಲ.

ವಂಚಕರ ಉಪಾಯಗಳು ಅನಂತವೆಂದು ತೋರಿದರೂ ರಾಮಾಯಣದಲ್ಲಿರುವವು ಮೂರೇ. ಮೊದಲನೆಯದು ಚಿನ್ನದ ಜಿಂಕೆ, ಅಂದರೆ ಲೋಭ. ಷೇರು ವ್ಯವಹಾರದಲ್ಲಿ ಹಣ ಇಮ್ಮಡಿಯಾಗುವುದೆಂದೂ, ಮನೆಯಲ್ಲೇ ಕುಳಿತು ಸಂಪಾದಿಸಬಹುದೆಂದೂ ಸಂದೇಶ ಬರುತ್ತದೆ. ಮೊದಲು ಅಲ್ಪಸ್ವಲ್ಪ ಕೈಗೆ ಕೊಟ್ಟು ನಂಬಿಸುತ್ತಾರೆ. ಪರದೆಯ ಮೇಲೆ ಲಕ್ಷಗಳು ಬೆಳೆಯುತ್ತವೆ. ತೆಗೆಯಹೋದರೆ ತೆರಿಗೆ ಕಟ್ಟು, ಶುಲ್ಕ ಕಟ್ಟು ಎನ್ನುತ್ತಾರೆ. ಅದು ಹಣವಲ್ಲ, ಜಿಂಕೆಯ ಮೈಮೇಲಿನ ಚುಕ್ಕೆ. ಅಂದು ಇದು ಮಾರೀಚನೆಂದು ಎಚ್ಚರಿಸಿದವನು ಲಕ್ಷ್ಮಣ. ನಮ್ಮ ಮನೆಯಲ್ಲಿಯೂ ಅಂತಹವನೊಬ್ಬನಿದ್ದಾನೆ. ಅವನ ಮಾತನ್ನು ಕೇಳಬೇಕು.

ಎರಡನೆಯದು ಕಳ್ಳದನಿ, ಅಂದರೆ ಭಯ. ಸಾಯುವಾಗ ಮಾರೀಚನು ರಾಮನ ಧ್ವನಿಯಲ್ಲಿಯೇ ಕೂಗಿದನಷ್ಟೆ. ಇಂದು ಯಂತ್ರವು ಮಗನ ಧ್ವನಿಯನ್ನೇ ಅನುಕರಿಸಬಲ್ಲುದು. ಅಪಘಾತವಾಗಿದೆ, ಕೂಡಲೇ ಹಣ ಬೇಕು ಎಂಬ ಕೂಗು ಬಂದರೆ ಕರೆಯನ್ನು ಕಡಿದು, ನಮಗೆ ಮೊದಲೇ ಗೊತ್ತಿರುವ ಮಗನ ಸಂಖ್ಯೆಗೆ ನಾವೇ ಕರೆಮಾಡಬೇಕು.

ಮೂರನೆಯದು ಕಪಟಸಂನ್ಯಾಸಿ, ಅಂದರೆ ವೇಷ. ಇಂದಿನ ವೇಷ ಪೊಲೀಸರದು, ಸಿ.ಬಿ.ಐ. ಅಧಿಕಾರಿಯದು, ಬ್ಯಾಂಕಿನವರದು. ನಿಮ್ಮ ಹೆಸರಿನ ಪಾರ್ಸೆಲಿನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೋ ಕರೆಯಿಂದ ಕದಲಬೇಡಿ, ಯಾರಿಗೂ ಹೇಳಬೇಡಿ ಎಂದು ಬೆದರಿಸುವುದಕ್ಕೆ 'ಡಿಜಿಟಲ್ ಅರೆಸ್ಟ್' ಎಂದು ಹೆಸರು. ಇಂತಹ ಬಂಧನವು ಕಾನೂನಿನಲ್ಲಿಯೇ ಇಲ್ಲವೆಂದು ಪ್ರಧಾನಮಂತ್ರಿಗಳು 2024ರ ಅಕ್ಟೋಬರ್ 27ರ 'ಮನ್ ಕೀ ಬಾತ್' ಪ್ರಸಾರದಲ್ಲಿ ಸ್ಪಷ್ಟಪಡಿಸಿದರು. ನಿಜವಾಗಿ ಬಂಧಿಸಿದವರನ್ನು 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. ಭಕ್ತಿಯ ವೇಷವೂ ಉಂಟು: 2023ರ ಕೊನೆಯಲ್ಲಿ ಅಯೋಧ್ಯೆಯ ರಾಮಮಂದಿರದ ಹೆಸರಿನಲ್ಲಿಯೇ ಸುಳ್ಳು ಕ್ಯೂಆರ್ ಕೋಡ್ ಹಂಚಿ ಕಾಣಿಕೆ ಕೇಳಿದರು. ಆದುದರಿಂದ ಯಾವ ದೇವಾಲಯದ ಸೇವೆಯಾದರೂ ಅಲ್ಲಿಯ ಕಚೇರಿಯಲ್ಲಿ ವಿಚಾರಿಸಿ, ರಸೀದಿ ಪಡೆದು ಸಲ್ಲಿಸುವುದು ಕ್ಷೇಮ.

ಹಾಗಾದರೆ ಪರೀಕ್ಷಿಸುವುದೆಂತು? ಶ್ರೀಮದಾಚಾರ್ಯರು ಪ್ರತ್ಯಕ್ಷ, ಅನುಮಾನ, ಆಗಮಗಳೆಂಬ ಮೂರು ಪ್ರಮಾಣಗಳನ್ನು ಹೇಳಿದ್ದಾರೆ. ದೋಷವಿಲ್ಲದಾಗ ಮಾತ್ರ ಪ್ರತ್ಯಕ್ಷವು ಪ್ರಮಾಣ. ಪರದೆಯಲ್ಲಿ ಕಂಡ ಸಮವಸ್ತ್ರ ಅಂತಹುದಲ್ಲ. ಯುಪಿಐಯಲ್ಲಿ ರಹಸ್ಯಸಂಖ್ಯೆ ಬೇಕಾಗುವುದು ಹಣ ಕೊಡಲಿಕ್ಕೆ, ಪಡೆಯಲಿಕ್ಕಲ್ಲ. ಹಣ ಕೊಡುತ್ತೇನೆನ್ನುವವನು ಆ ಸಂಖ್ಯೆಯನ್ನು ಒತ್ತೆಂದರೆ ಕಳ್ಳನೆಂದು ಅನುಮಾನದಿಂದಲೇ ಸಿದ್ಧಿಸುತ್ತದೆ. ಇನ್ನು ಲೌಕಿಕದಲ್ಲಿ ಆಪ್ತವಾಕ್ಯವೆಂದರೆ ಪಾಸ್‌ಬುಕ್ಕಿನಲ್ಲಿ ಮುದ್ರಿತವಾದ ಬ್ಯಾಂಕಿನ ಸಂಖ್ಯೆ, ಕರೆಮಾಡಿದವನು ಕೊಟ್ಟ ಸಂಖ್ಯೆಯಲ್ಲ. ಓಟಿಪಿಯನ್ನು ಯಾರಿಗೂ ಹೇಳಬಾರದು. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದು ಬರುವ 'ಎಪಿಕೆ' ಕಡತವನ್ನು ತೆರೆಯಬಾರದು. ಅದು ಮೊಬೈಲನ್ನೇ ಅವರ ವಶಮಾಡುತ್ತದೆ.

ಇಷ್ಟಾಗಿಯೂ ಮೋಸಹೋದರೆ? ಕ್ಷಣವೂ ತಡಮಾಡದೆ 1930ಕ್ಕೆ ಕರೆಮಾಡಿ, ಬ್ಯಾಂಕಿಗೂ ತಿಳಿಸಬೇಕು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಸಾಗಿಸುತ್ತಿರುತ್ತಾರೆ. ಬೇಗ ತಿಳಿಸಿದರೆ ನಡುದಾರಿಯಲ್ಲಿಯೇ ತಡೆಹಿಡಿಯಲು ಸಾಧ್ಯವುಂಟು. ಮಂಗಳೂರಿನ ಸೆನ್ ಪೊಲೀಸ್ ಠಾಣೆಯು ಇಂತಹ ದೂರುಗಳಿಗಾಗಿಯೇ ಇದೆ. ನಾಚಿಕೆಯಿಂದ ಕಳೆದ ಒಂದೊಂದು ಗಂಟೆಯೂ ಕಳ್ಳನಿಗೆ ಲಾಭ.

ಲಂಕೆಯಲ್ಲಿ ರಾವಣನು ರಾಮನ ಮಾಯಾಶಿರಸ್ಸನ್ನು ತೋರಿಸಿದಾಗ ಸೀತಾದೇವಿಗೆ ನಿಜವನ್ನು ತಿಳಿಸಿ ಸಂತೈಸಿದವಳು ಸರಮೆ. ಏಕೆ ನಂಬಿದೆಯೆಂದು ಆಕೆ ಜರೆಯಲಿಲ್ಲ. ಮನೆಯ ಹಿರಿಯರು ಮೋಸಹೋದಾಗ ಮಕ್ಕಳಾದವರು ಸರಮೆಯಂತಿರಬೇಕು. ಕದ್ದವನ ಪಾಪವನ್ನು ಕಳೆದುಕೊಂಡವರ ತಲೆಗೆ ಹೊರಿಸುವುದು ಧರ್ಮವಲ್ಲ. ಜರೆಯುವವರಿದ್ದ ಮನೆಯಲ್ಲಿ ಹಿರಿಯರು ಬಾಯಿಬಿಡುವುದಿಲ್ಲ; ವಂಚಕನಿಗೆ ಬೇಕಾದುದೂ ಆ ಮೌನವೇ.

ಕಳೆದ ಏಕಾದಶಿಯಂದು ಆ ತಾಯಿ ಮತ್ತೆ ಬಂದು ತಮ್ಮ ಎಂದಿನ ಸ್ಥಳದಲ್ಲಿ ಕುಳಿತು ತಾಳ ಹಿಡಿದರು. ಭಜನೆ ಮುಗಿದ ಮೇಲೆ ತಮಗಾದುದನ್ನು ತಾವೇ ಎಲ್ಲರಿಗೂ ಹೇಳಿದರು. ಅಂದಿನ ಪ್ರವಚನವನ್ನು ಮಾಡಿದವರು ನಾವಲ್ಲ, ಅವರು.

॥ ಶ್ರೀಕೃಷ್ಣಾರ್ಪಣಮಸ್ತು ॥