ಕಣ್ಣನ್ನು ಕರೆಯುವ ವಿದ್ಯೆ

ಯಾವ ವಿದ್ಯೆಯನ್ನು ಕಲಿಯತೊಡಗಿದವನಿಗಾದರೂ ಮೊದಲು ದೊರೆಯುವುದು ಕೈಯ ಚಳಕ. ಆ ಚಳಕವನ್ನು ಯಾರಿಗಾಗಿ, ಯಾವ ಎಲ್ಲೆಯವರೆಗೆ ಬಳಸಬಹುದೆಂಬ ತಿಳಿವು ಬಹಳ ತಡವಾಗಿ ಬರುತ್ತದೆ. ಕೆಲವರಿಗೆ ಬಾರದೆಯೇ ಹೋಗುವುದೂ ಉಂಟು. ಬಡಗಿಯ ಮಗನು ಉಳಿ ಹಿಡಿಯಲು ಕಲಿತ ವರ್ಷ ಮನೆಯ ಕಂಬಗಳಿಗೆಲ್ಲ ಗೀರು ಬೀಳುತ್ತದೆ. ಅದರಿಂದ ಯಾರಿಗೂ ದೊಡ್ಡ ಹಾನಿಯಿಲ್ಲ. ಆದರೆ ಸಾವಿರಾರು ಮಂದಿಯ ಕಣ್ಣನ್ನೂ ಬೆರಳನ್ನೂ ಒಮ್ಮೆಗೇ ನಡೆಸಬಲ್ಲ ಒಂದು ವಿದ್ಯೆಯ ವಿಷಯದಲ್ಲಿ ಹೀಗೆ ಹೇಳಿ ಸುಮ್ಮನಾಗುವಂತಿಲ್ಲ. ಅಂತಹ ವಿದ್ಯೆಯೊಂದು ಈ ಕಾಲದಲ್ಲಿ ನಮ್ಮ ಮಕ್ಕಳ ಕೈಗೆ ಬಂದಿದೆ.

ಮಲೆನಾಡಿನ ಒಂದು ಊರಿನ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿದ್ದುಕೊಂಡು ಗ್ರಾಫಿಕ್ ವಿನ್ಯಾಸವನ್ನೂ ವೆಬ್ ಪುಟಗಳ ವಿನ್ಯಾಸವನ್ನೂ ಕಲಿಯುತ್ತಿದ್ದಾಳೆ. ಮೊದಲನೆಯ ವರ್ಷದಲ್ಲಿ ಆಕೆಗೆ ಕಂಪ್ಯೂಟರಿಗಿಂತ ಹೆಚ್ಚಾಗಿ ಕಾಗದ, ಕತ್ತರಿ, ಕಪ್ಪು ಮಸಿಗಳಲ್ಲಿಯೇ ಕೆಲಸ. ಬಿಳಿಯ ಹಾಳೆಯ ಮೇಲೆ ಒಂದು ಕಪ್ಪು ಚೌಕವನ್ನು ಎಲ್ಲಿಟ್ಟರೆ ಅದು ನೆಲೆನಿಂತಂತೆ ತೋರುತ್ತದೆ, ಎಲ್ಲಿಟ್ಟರೆ ಜಾರುವಂತೆ ತೋರುತ್ತದೆ ಎಂಬುದನ್ನು ವಾರಗಟ್ಟಲೆ ಅಭ್ಯಾಸ ಮಾಡಬೇಕಾಯಿತು. ಹಾಳೆಯಲ್ಲಿ ಬರೆಯದೆ ಬಿಟ್ಟ ತೆರಪು ವ್ಯರ್ಥವಾದ ಜಾಗವಲ್ಲ, ಸಂಗೀತದಲ್ಲಿ ಮೌನವಿದ್ದಂತೆ ಅದೂ ಒಂದು ಪದಾರ್ಥವೇ ಎಂದು ತಿಳಿಯಿತು. ಗುಂಪಿನಲ್ಲಿರುವುದಕ್ಕಿಂತ ಒಂಟಿಯಾಗಿರುವುದನ್ನು, ತೆಳುವಾದುದಕ್ಕಿಂತ ಗಾಢವಾದುದನ್ನು ಕಣ್ಣು ಮೊದಲು ಹಿಡಿಯುತ್ತದೆಂದೂ, ಹಿಡಿದ ಮೇಲೆ ಉಳಿದುದನ್ನು ಓದುವ ಶ್ರಮವನ್ನು ಅದು ಸಾಮಾನ್ಯವಾಗಿ ವಹಿಸುವುದಿಲ್ಲವೆಂದೂ ತಿಳಿಯಿತು. ಈ ಕೊನೆಯ ಪಾಠದಲ್ಲಿ ಎಷ್ಟು ಶಕ್ತಿ ಅಡಗಿದೆಯೆಂಬುದು ಆಗ ಆಕೆಗೆ ಹೊಳೆದಿರಲಿಲ್ಲ.

ಕನ್ನಡದ ಅಕ್ಷರಗಳ ವಿಷಯಕ್ಕೆ ಬಂದಾಗ ಆಕೆಗೆ ಬೇರೊಂದು ಬಗೆಯ ಶಿಕ್ಷಣವಾಯಿತು. ಇಂಗ್ಲಿಷ್ ಅಕ್ಷರಗಳಿಗಾಗಿ ಅಳತೆಮಾಡಿದ ಚೌಕಟ್ಟಿನೊಳಕ್ಕೆ ಕನ್ನಡವನ್ನು ಸುರಿದರೆ ಅದು ಒಪ್ಪುವುದಿಲ್ಲ. ‘ರಾಷ್ಟ್ರ’ ಎಂಬ ಮಾತನ್ನು ಬರೆದು ನೋಡಿದರೆ ಸಾಕು. ಷಕಾರದ ಅಡಿಯಲ್ಲಿ ಟಕಾರದ ಒತ್ತು, ಅದಕ್ಕೆ ಅಂಟಿಕೊಂಡು ರಕಾರದ ಒತ್ತು. ಸಾಲುಗಳ ನಡುವೆ ಬೇಕಾದಷ್ಟು ತೆರಪಿಲ್ಲದಿದ್ದರೆ ಈ ಒತ್ತುಗಳು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತವೆ, ಅಥವಾ ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿಹೋಗುತ್ತವೆ. ದೀರ್ಘದ ಗುರುತು ಮಸುಕಾದರೆ ಬೇಳೆಯು ಬೆಳೆಯಾಗುತ್ತದೆ. ಅಕ್ಷರಗಳನ್ನು ಅಂದಕ್ಕಾಗಿ ದೂರದೂರ ಇಟ್ಟರೆ ಓದುವವನು ತೊದಲತೊಡಗುತ್ತಾನೆ. ೧೮೪೩ರಲ್ಲಿ ಹೆರ್ಮನ್ ಮೋಗ್ಲಿಂಗನು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು, ಕಲ್ಲಿನ ಮೇಲೆ ಒತ್ತುಗಳು ಬೇಕಾದಂತೆ ಕಾಲುಚಾಚಬಹುದಾಗಿತ್ತು. ಆಮೇಲೆ ಸೀಸದ ಮೊಳೆಗಳಲ್ಲಿ ಅವಕ್ಕೆ ಇಕ್ಕಟ್ಟಾಯಿತು. ಈಗ ಗಾಜಿನ ಪರದೆಯ ಮೇಲೆಯೂ ಅದೇ ಇಕ್ಕಟ್ಟು. ಒಂದು ಲಿಪಿಗೆ ತಕ್ಕಷ್ಟು ಜಾಗವನ್ನು ಕೊಡುವುದು ಸೌಂದರ್ಯದ ವಿಷಯವೆಂದು ಆಕೆ ಮೊದಲು ಎಣಿಸಿದ್ದಳು. ಬರಬರುತ್ತಾ ಅದು ಅತಿಥಿಗೆ ಮಣೆ ಹಾಕುವಂತಹ ಕಾರ್ಯವೆಂದು ತೋರತೊಡಗಿತು.

ಇದೇ ಕಾಲದಲ್ಲಿ ಅವಳ ತರಗತಿಯಲ್ಲಿ ಒಂದು ಹಳೆಯ ಭಾಷಣವನ್ನು ಓದಿಸಿದರು. ೧೯೩೦ರಲ್ಲಿ ಬಿಯಾಟ್ರಿಸ್ ವಾರ್ಡ್ ಎಂಬ ವಿದುಷಿಯು ಲಂಡನ್ನಿನಲ್ಲಿ ಮುದ್ರಣಕಲೆಯವರ ಮುಂದೆ ಮಾಡಿದ ಭಾಷಣವದು. ಮುದ್ರಣವು ಬಂಗಾರದ ಪಾತ್ರೆಯಂತಿರದೆ ತಿಳಿಗಾಜಿನ ಬಟ್ಟಲಿನಂತಿರಬೇಕು, ಒಳಗಿನ ಮದ್ಯವು ಕಾಣಬೇಕೇ ಹೊರತು ಪಾತ್ರೆಯು ಮೆರೆಯಬಾರದು ಎಂಬುದು ಅದರ ತಾತ್ಪರ್ಯ. (ಮದ್ಯವಿಲ್ಲದ ಮನೆಗಳಲ್ಲಿ ಇದನ್ನು ನೀರುಮಜ್ಜಿಗೆಗೆ ಹೊಂದಿಸಿಕೊಂಡರೂ ಅರ್ಥಕ್ಕೇನೂ ಲೋಪವಿಲ್ಲ.) ವಿದ್ಯಾರ್ಥಿನಿಗೆ ಈ ಉಪದೇಶವು ಬಹಳ ಹಿಡಿಸಿತು. ತಾನು ಕಾಣದಂತಿದ್ದು ಓದುಗನಿಗೆ ದಾರಿಮಾಡಿಕೊಡುವುದೇ ತನ್ನ ಧರ್ಮವೆಂದು ಆಕೆ ತನ್ನ ದಿನಚರಿಯಲ್ಲಿ ಬರೆದುಕೊಂಡಳು.

ವೆಬ್ಬಿನ ಚರಿತ್ರೆಯಲ್ಲಿಯೂ ಆಕೆಗೆ ಇದಕ್ಕೆ ಬೆಂಬಲ ದೊರೆಯಿತು. ಪುಟಗಳ ಬಣ್ಣ, ಅಕ್ಷರದ ಗಾತ್ರ ಮುಂತಾದುವನ್ನು ನಿಯಮಿಸುವ ಶೈಲಿಪತ್ರದ ಪದ್ಧತಿಯನ್ನು ೧೯೯೪ರಲ್ಲಿ ಹೋಕನ್ ವಿಯುಮ್ ಲೀ ಎಂಬ ನಾರ್ವೆಯವನು ಸೂಚಿಸಿದನು. ೧೯೯೬ರಲ್ಲಿ ಅದು ಅಂಗೀಕೃತವಾಯಿತು. ಆ ಪದ್ಧತಿಯಲ್ಲಿ ಬರೆದವನ ಇಚ್ಛೆಗೂ ಓದುವವನ ಇಚ್ಛೆಗೂ ಎರಡಕ್ಕೂ ಸ್ಥಾನವಿತ್ತು. ೧೯೯೮ರ ಎರಡನೆಯ ಆವೃತ್ತಿಯಲ್ಲಂತೂ, ಓದುಗನು ತನಗೆ ಅತ್ಯವಶ್ಯವೆಂದು ಗುರುತಿಸಿದ ನಿಯಮವು ಪುಟವನ್ನು ರಚಿಸಿದವನ ನಿಯಮವನ್ನು ಮೀರತಕ್ಕದ್ದೆಂದು ಗೊತ್ತುಮಾಡಿದರು. ಕಣ್ಣು ಮಂಜಾದವರು ದೊಡ್ಡ ಅಕ್ಷರವನ್ನು ಬಯಸಿದರೆ ಅದು ಅವರ ಹಕ್ಕು. ಈ ಸೌಲಭ್ಯವನ್ನು ಬಳಸಿದವರು ಬಹಳ ಕಡಿಮೆ ಎಂಬುದು ಬೇರೆ ಮಾತು.

ಎರಡನೆಯ ವರ್ಷದ ಬೇಸಗೆಯಲ್ಲಿ ಆಕೆಯು ಒಂದು ಸಂಸ್ಥೆಯಲ್ಲಿ ಕೆಲಸ ಕಲಿಯಲು ಸೇರಿದಳು. ಮೊದಲ ತಿಂಗಳು ಉಚಿತವಾಗಿ ಕೊಟ್ಟು, ಅನಂತರ ತಿಂಗಳಿಗಿಷ್ಟೆಂದು ಗ್ರಾಹಕರ ಖಾತೆಯಿಂದ ಹಣವನ್ನು ಮುರಿದುಕೊಳ್ಳುವ ವ್ಯವಹಾರ ಅವರದು. ಚಂದಾದಾರನು ಬಿಟ್ಟುಹೋಗಲು ಬಯಸಿದಾಗ ತೆರೆದುಕೊಳ್ಳುವ ಪುಟವನ್ನು ಹೊಸದಾಗಿ ರಚಿಸುವ ಕೆಲಸ ಆಕೆಯ ಪಾಲಿಗೆ ಬಂದಿತು. ಕಲಿತ ಪಾಠಗಳೆಲ್ಲ ಒಟ್ಟಿಗೆ ಉಪಯೋಗಕ್ಕೆ ಬಂದುವು. ‘ಮುಂದುವರಿಸಿ’ ಎಂಬುದನ್ನು ಆಕೆ ಹಸುರು ಹಿನ್ನೆಲೆಯಲ್ಲಿ ದೊಡ್ಡದಾಗಿ, ಸುತ್ತಲೂ ತೆರಪು ಬಿಟ್ಟು ಇರಿಸಿದಳು. ‘ನಿಲ್ಲಿಸಿ’ ಎಂಬುದನ್ನು ಕೆಳಗೆ, ತಿಳಿಬೂದು ಬಣ್ಣದ ಸಣ್ಣ ಅಕ್ಷರದಲ್ಲಿ, ಇತರ ಮಾತುಗಳ ಗುಂಪಿಗೆ ಸೇರಿಸಿದಳು. ಬಂದವರಲ್ಲಿ ಅರ್ಧ ಜನಕ್ಕೆ ಹಳೆಯ ಪುಟವನ್ನೂ ಅರ್ಧ ಜನಕ್ಕೆ ಹೊಸ ಪುಟವನ್ನೂ ತೋರಿಸಿ ಎಣಿಸಿದರು. ಹೊಸ ಪುಟದಿಂದ ಬಿಟ್ಟುಹೋದವರು ಕಡಿಮೆ. ಸಂಜೆ ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ಆಕೆಗೆ ಸಂತೋಷವಾಯಿತೆಂಬುದನ್ನು ಮರೆಮಾಚಬೇಕಾದ್ದಿಲ್ಲ. ಕೈಗೂಡಿದ ಕೆಲಸವು ಯಾರಿಗೆ ತಾನೆ ಸಂತೋಷವನ್ನು ಕೊಡುವುದಿಲ್ಲ?

ದಸರೆಯ ರಜೆಗೆ ಊರಿಗೆ ಹೋದಾಗ ತಾಯಿಯು ಬ್ಯಾಂಕಿನ ಪುಸ್ತಕವನ್ನು ತಂದು ಮುಂದಿಟ್ಟಳು. ಏಳು ತಿಂಗಳಿಂದ ತಿಂಗಳಿಗೆ ೧೪೯ ರೂಪಾಯಿ ಹೋಗುತ್ತಿದೆ, ಯಾತಕ್ಕೆಂದು ತಿಳಿಯದು. ಅದು ಬೇರೆ ಸಂಸ್ಥೆಯದು, ಬೇರೆ ಊರಿನದು. ಮಗಳು ಹುಡುಕಿ ನೋಡಿದಳು. ಅದನ್ನು ನಿಲ್ಲಿಸಲು ಆರು ಪುಟಗಳನ್ನು ದಾಟಬೇಕು; ಆರನೆಯದರಲ್ಲಿ ದೊಡ್ಡ ಹಸುರು ಗುಂಡಿ, ಅದರ ಕೆಳಗೆ ತಿಳಿಬೂದು ಬಣ್ಣದ ಸಣ್ಣ ಅಕ್ಷರ. ತಾಯಿಯು ಸಂಕೋಚದಿಂದ, “ನಾನೇ ಎಲ್ಲೋ ತಪ್ಪು ಒತ್ತಿರಬೇಕು ಕಣೇ. ನನಗೆ ಇದೆಲ್ಲ ಗೊತ್ತಾಗೋದಿಲ್ಲ” ಎಂದಳು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಂತೆಯಲ್ಲಿ ಜೇಬು ಕತ್ತರಿಸಿದವನನ್ನು ಕಳೆದುಕೊಂಡವನು ಕಳ್ಳನೆಂದೇ ಕರೆಯುತ್ತಾನೆ. ಹಣ ಹೋದರೂ ಮಾನ ಉಳಿಯುತ್ತದೆ. ಪುಟದ ಮೇಲಿನ ಮೋಸದಲ್ಲಿ ಹಣದ ಜೊತೆಗೆ ಇನ್ನೊಂದು ಹೋಗುತ್ತದೆ. ಮೋಸಹೋದವಳು ತನ್ನನ್ನೇ ದಡ್ಡಳೆಂದು ತಿಳಿಯುತ್ತಾಳೆ. ಏಕೆಂದರೆ ಯಾರೂ ಅವಳ ಕೈಹಿಡಿದು ಒತ್ತಿಸಲಿಲ್ಲ, ಬೆರಳು ಅವಳದೇ. ವಿನ್ಯಾಸಕಾರಳು ತಿಳಿಗಾಜಿನಂತೆ ಕಾಣದಿದ್ದುದರ ಫಲ ಇದು. ಓದುಗನಿಗೆ ದಾರಿಮಾಡಿಕೊಡುವಾಗ ಸದ್ಗುಣವಾಗಿದ್ದ ಈ ಅದೃಶ್ಯತೆಯು, ಓದುಗನನ್ನು ದಾರಿತಪ್ಪಿಸುವಾಗ ಅಪರಾಧಿಗೆ ಮರೆಯಾಗುತ್ತದೆ. ವಾರ್ಡಳು ತನ್ನ ದೃಷ್ಟಾಂತದಲ್ಲಿ ಬಟ್ಟಲನ್ನು ವಿಚಾರಿಸಿದಳು. ಅದನ್ನು ಯಾರಿಗೆ, ಯಾತಕ್ಕಾಗಿ ನೀಡಲಾಗುತ್ತಿದೆಯೆಂಬುದು ಅವಳ ಅಂದಿನ ವಿಷಯವಾಗಿರಲಿಲ್ಲ.

ವಿದ್ಯಾರ್ಥಿನಿಯ ಸೋದರಮಾವನು ಮೂವತ್ತು ವರ್ಷ ಒಂದು ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವನು. ಆಕೆ ತನ್ನ ತಳಮಳವನ್ನು ಅವನ ಮುಂದೆ ಹೇಳಿಕೊಂಡಳು. ಅವನು ಬಹಳ ಹೊತ್ತು ಸುಮ್ಮನಿದ್ದು ತನ್ನದೊಂದು ಕಥೆಯನ್ನು ಹೇಳಿದನು. ಊರಿನಲ್ಲಿ ಚೀಟಿ ನಡೆಸುತ್ತಿದ್ದವನೊಬ್ಬನು ಕರಪತ್ರ ಅಚ್ಚುಹಾಕಿಸಲು ಬಂದಿದ್ದನು. ಲಾಭದ ಮಾತನ್ನು ಅಚ್ಚುಕೂಟದಲ್ಲಿದ್ದ ಅತ್ಯಂತ ದೊಡ್ಡ ಮೊಳೆಯಲ್ಲಿಯೂ, ಷರತ್ತುಗಳನ್ನು ಅತ್ಯಂತ ಸಣ್ಣ ಮೊಳೆಯಲ್ಲಿಯೂ ಜೋಡಿಸಬೇಕೆಂದು ಹೇಳಿದನು. ಮಾವನು ಹಾಗೆಯೇ ಜೋಡಿಸಿದನು. ಚೀಟಿ ಮುಳುಗಿತು. ಬೀದಿಯ ಇಬ್ಬರು ವಿಧವೆಯರ ಹಣವೂ ಅದರಲ್ಲಿತ್ತು. “ಕರಪತ್ರ ಬರೆದವನು ಅವನು, ಅಚ್ಚುಹಾಕಿಸಿದವರು ನಮ್ಮ ಯಜಮಾನರು. ಆದರೆ ಯಾವುದು ದೊಡ್ಡದಾಗಿ ಕಾಣಬೇಕು, ಯಾವುದು ಕಾಣಬಾರದು ಅಂತ ಕೂಡಿಸಿದ್ದು ಈ ಕೈ, ಮಗೂ” ಎಂದನು. ಮತ್ತೆ ತಾನಾಗಿಯೇ, “ನಾನು ಒಲ್ಲೆ ಅಂದಿದ್ದರೆ ಪಕ್ಕದವನು ಜೋಡಿಸುತ್ತಿದ್ದ” ಎಂದೂ ಸೇರಿಸಿದನು.

ಈ ಕೊನೆಯ ಮಾತು ಲೋಕದಲ್ಲಿ ಬಹಳ ಪ್ರಬಲವಾದ ಸಮಾಧಾನ. ಅದರಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾಗುವುದಿಲ್ಲ. ಒಬ್ಬ ಕೂಲಿಯವನು ಹಿಂಜರಿದುದರಿಂದ ಚೀಟಿಯ ವ್ಯವಹಾರ ನಿಲ್ಲುತ್ತಿರಲಿಲ್ಲ. ಆದರೆ ಅದು ಉತ್ತರಿಸುವುದು ಲೋಕಕ್ಕೆ ಆಗುವ ಹಾನಿಯ ಪ್ರಶ್ನೆಯನ್ನು ಮಾತ್ರ. ತಾನು ಏನು ಮಾಡಿದೆನೆಂಬ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಮುಟ್ಟಿದ್ದರೆ ಮಾವನು ಅಷ್ಟು ವರ್ಷಗಳ ಮೇಲೆ ಆ ಕರಪತ್ರವನ್ನು ನೆನೆಯುತ್ತಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತೂಕದ ಕಲ್ಲುಗಳನ್ನೂ ತಕ್ಕಡಿಗಳನ್ನೂ ನೋಡಿಕೊಳ್ಳಲು ಪೌತವಾಧ್ಯಕ್ಷನೆಂಬ ಅಧಿಕಾರಿಯಿದ್ದಾನೆ. ಕಳ್ಳತೂಕಕ್ಕೆ ದಂಡವನ್ನೂ ವಿಧಿಸಿದೆ. ಕಲ್ಲು ಸರಿಯಾಗಿದ್ದರೆ ತಾನೆ ಸಂತೆ? ಪುಟವೂ ಒಂದು ತಕ್ಕಡಿ. ಒಂದು ತಟ್ಟೆಯಲ್ಲಿ ‘ಮುಂದುವರಿಸಿ’, ಇನ್ನೊಂದರಲ್ಲಿ ‘ನಿಲ್ಲಿಸಿ’. ಮುಳ್ಳನ್ನು ಯಾವ ಕಡೆಗೆ ಎಷ್ಟು ಬಾಗಿಸಿದೆಯೆಂಬುದನ್ನು ರಚಿಸಿದವಳಷ್ಟು ಖಚಿತವಾಗಿ ಬೇರೆ ಯಾರೂ ಅರಿಯರು.

ಹಾಗಾದರೆ ಕಣ್ಣನ್ನು ಕರೆಯುವುದೇ ತಪ್ಪೆನ್ನಬಹುದೇ? ಅಂತಹ ಕಠಿಣವಾದ ಮತವನ್ನು ಹಿಡಿದರೆ ಹಬ್ಬದ ದಿನ ಬಾಗಿಲಿಗೆ ತೋರಣವನ್ನೂ ಕಟ್ಟುವಂತಿಲ್ಲ. ನಮ್ಮ ಆಲಂಕಾರಿಕರಲ್ಲಿ ಕ್ಷೇಮೇಂದ್ರನು ಔಚಿತ್ಯವೆಂಬುದನ್ನು ಕಾವ್ಯದ ಜೀವವೆಂದು ಎಣಿಸಿದನು. ಕಾಲಿಗೆ ತೊಟ್ಟ ಹಾರವು ಹಾರವಾದರೂ ನಗೆಗೀಡು. ಆದರೆ ಅಲಂಕಾರದಲ್ಲಿ ಅನೌಚಿತ್ಯವಾದರೆ ಕೆಡುವುದು ರಸ. ಇಲ್ಲಿ ಕೆಡುವುದು ಒಬ್ಬಳ ಮನೆಯ ಲೆಕ್ಕ. ಆದುದರಿಂದ ಇಲ್ಲಿ ಅಳತೆ ಇನ್ನೂ ಸರಳವಾಗಿರಬಹುದು: ಪುಟವನ್ನು ರಚಿಸಿದವಳು ಒತ್ತುವವಳ ಪಕ್ಕದಲ್ಲಿ ಕುಳಿತು, “ಇದನ್ನು ಹೀಗೆ ಇಟ್ಟದ್ದು ಇದಕ್ಕಾಗಿ” ಎಂದು ಬಾಯಿಬಿಟ್ಟು ಹೇಳಬಲ್ಲಳೇ? ತೋರಣ ಕಟ್ಟಿದವನು ಹೇಳಬಲ್ಲನು. ಆ ಬೂದು ಅಕ್ಷರವನ್ನು ಇಟ್ಟವಳು ತನ್ನ ತಾಯಿಗೆ ಹೇಳಲಾರಳು.

ಸರ್ಕಾರವು ಈ ವಿಷಯದಲ್ಲಿ ಸುಮ್ಮನಿಲ್ಲ. ಇಂತಹ ತಂತ್ರಗಳಿಗೆ ೨೦೧೦ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಆಂಗ್ಲನು ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರನ್ನು ಕೊಟ್ಟನು; ೨೦೨೩ರ ನವೆಂಬರಿನಲ್ಲಿ ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಅವುಗಳಲ್ಲಿ ೧೩ ಬಗೆಗಳನ್ನು ಹೆಸರಿಸಿ ನಿಷೇಧಿಸಿತು. ಕೇಳದ ಪದಾರ್ಥವನ್ನು ಬುಟ್ಟಿಗೆ ಸೇರಿಸುವುದು, ಸುಳ್ಳು ಅವಸರ ಹುಟ್ಟಿಸುವುದು, ಚಂದಾದಾರನನ್ನು ಬಿಡದೆ ಹಿಡಿದಿಡುವುದು ಎಲ್ಲವೂ ಅದರಲ್ಲಿವೆ. ನಿಯಮವು ಹಿಡಿಯುವುದು ಮಾರುವವರನ್ನೂ ಜಾಹೀರಾತು ಕೊಡುವವರನ್ನೂ, ಅದೇ ಯುಕ್ತ. ಬೂದುಬಣ್ಣವು ಎಷ್ಟು ತಿಳಿಯಾದರೆ ಮೋಸವೆಂಬುದನ್ನು ಮಾತ್ರ ಯಾವ ನಿಯಮವೂ ಪೂರ್ತಿಯಾಗಿ ಬರೆದಿಡಲಾರದು. ವೆಬ್ ಪುಟಗಳು ಎಲ್ಲರಿಗೂ ಎಟುಕಬೇಕೆಂದು ೨೦೦೮ರಲ್ಲಿ ಹೊರಟ ಸೂತ್ರಗಳ ಪ್ರಕಾರ ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ ೪.೫ಕ್ಕೆ ೧ರ ವ್ಯತ್ಯಾಸವಿರಬೇಕು. ಬಿಳಿಯ ಮೇಲಿನ ಅಚ್ಚಕಪ್ಪಿಗೆ ಅದು ೨೧ಕ್ಕೆ ೧. ಈ ಸಂಖ್ಯೆಯನ್ನು ಪಾಲಿಸಿಯೂ ಒಂದು ಮಾತನ್ನು ಗುಂಪಿನಲ್ಲಿ ಬಚ್ಚಿಡುವುದು ಬಲ್ಲವರಿಗೆ ಕಷ್ಟವಲ್ಲ.

ರಜೆ ಮುಗಿದ ಮೇಲೆ ಆಕೆಯು ಆ ಸಂಸ್ಥೆಗೆ ಹೋಗಿ, ತಾನು ಮಾಡಿದ ಪುಟವನ್ನು ತಿದ್ದಲು ಅವಕಾಶ ಬೇಡಿದಳು. ಅವರು ನಕ್ಕು, ಎಣಿಕೆಯ ಪಟ್ಟಿಯನ್ನು ತೋರಿಸಿದರು. ಆದರೆ ಅದೇ ಪುಟದ ಕನ್ನಡ ರೂಪವನ್ನು ಮಾಡಬೇಕಾಗಿತ್ತು. ಕನ್ನಡ ಬಲ್ಲವಳು ಅವಳೊಬ್ಬಳೇ. ಆಕೆ ಮಾಡಿದಳು. ‘ಹಣವನ್ನು ಮರಳಿಸಲಾಗದು’ ಎಂಬ ಷರತ್ತನ್ನೂ, ‘ನಿಲ್ಲಿಸಿ’ ಎಂಬ ಮಾತನ್ನೂ ಉಳಿದವುಗಳಷ್ಟೇ ದೊಡ್ಡದಾಗಿ, ಅಷ್ಟೇ ಕಪ್ಪಾಗಿ ಇರಿಸಿದಳು. ಮೇಲಿನವರು ಕಾರಣ ಕೇಳಿದಾಗ, ಕನ್ನಡದ ಅಕ್ಷರಗಳು ಸಣ್ಣ ಗಾತ್ರದಲ್ಲಿ ಸ್ಪಷ್ಟವಾಗಿ ಕಾಣವು, ‘ಮರಳಿಸಲಾಗದು’ ಎಂಬುದು ‘ಮರಳಿಸಲಾಗುವುದು’ ಎಂದು ತೋರೀತು, ಆದುದರಿಂದ ಹೀಗೆ ಮಾಡದೆ ವಿಧಿಯಿಲ್ಲ ಎಂದಳು. ಅವರು ಒಪ್ಪಿದರು.

ಇದರಲ್ಲಿ ಆಕೆ ಹೇಳಿದ್ದು ಸುಳ್ಳಲ್ಲ. ಹೇಳಬೇಕಾದ ಸತ್ಯವೂ ಅದಲ್ಲ. ಮೋಸದ ಪುಟವನ್ನು ನೇರಮಾಡಲು ಆಕೆ ಲಿಪಿಯ ಮರೆಯನ್ನು ಹಿಡಿಯಬೇಕಾಯಿತು. ಇಂಗ್ಲಿಷಿನ ಪುಟವು ಹಾಗೆಯೇ ಉಳಿಯಿತು. ಧೈರ್ಯವಂತರು ಇದನ್ನು ಅರ್ಧ ಕೆಲಸವೆಂದು ಹಳಿಯಬಹುದು, ಮತ್ತು ಹಳಿದರೆ ಅನ್ಯಾಯವೇನೂ ಆಗುವುದಿಲ್ಲ. ಆಕೆಯೂ ತನ್ನ ದಿನಚರಿಯಲ್ಲಿ ಆ ದಿನದ ಕೆಳಗೆ ಏನನ್ನೂ ಬರೆಯಲಿಲ್ಲ. ಊರಿಗೆ ಬಂದಾಗ ಸೋದರಮಾವನಿಗೆ ಫೋನಿನಲ್ಲಿ ಆ ಕನ್ನಡದ ಪುಟವನ್ನು ತೋರಿಸಿದಳು. ಅವನು ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಕೈಯಳತೆಯ ದೂರಕ್ಕೆ ಹಿಡಿದು, ಕೆಳಗಿನ ಸಾಲಿನಿಂದಲೇ ಓದತೊಡಗಿದನು.