ಕಾಣಿಕೆ ಪೆಟ್ಟಿಗೆಗೆ ಬಿದ್ದ ಸಾಲ



ಕಳೆದ ವರ್ಷ ನಮ್ಮ ಧರ್ಮಕೇಂದ್ರದ ಹಬ್ಬಕ್ಕೆ ಯುವಕನೊಬ್ಬ 15,000 ರೂಪಾಯಿ ಕಾಣಿಕೆ ಕೊಟ್ಟ. ಭಾನುವಾರದ ಬಲಿಪೂಜೆ ತಪ್ಪಿಸದ ಹುಡುಗ. ಪೂಜೆಯ ಕೊನೆಯಲ್ಲಿ ನಾನು ಅವನ ಹೆಸರು ಹೇಳಿ ಮೆಚ್ಚಿದೆ. ಅವನ ತಾಯಿಯ ಕಣ್ಣು ತುಂಬಿ ಬಂತು. ಕೆಲವು ತಿಂಗಳಲ್ಲಿ ಅವನು ದೇವಾಲಯಕ್ಕೆ ಬರುವುದನ್ನೇ ಬಿಟ್ಟ. ಕರೆಸಿ ವಿಚಾರಿಸಿದಾಗ ಹೇಳಿದ: "ಸ್ವಾಮಿ, ಆ ದುಡ್ಡು ಕ್ರೆಡಿಟ್ ಕಾರ್ಡಿನಿಂದ ತೆಗೆದದ್ದು. ಕಾರ್ಡಿನ ಬಾಕಿ ಈಗ 60,000 ಆಗಿದೆ. ನೀವು ಅಷ್ಟು ಜನರ ಮುಂದೆ ಹೊಗಳಿದ ಮೇಲೆ ನಿಜ ಹೇಳಲು ನನಗೆ ಮುಖವಿರಲಿಲ್ಲ."

ಅವನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಆ ದಿನ ಅವನಿಗಿಂತ ನನಗೇ ಹೆಚ್ಚು ನಾಚಿಕೆಯಾಯಿತು.

ಇಬ್ಬರೂ ಕುಳಿತು ಲೆಕ್ಕ ಹಾಕಿದೆವು. ಬಡ್ಡಿ ತಿಂಗಳಿಗೆ ಶೇ. 3.5, ಅಂದರೆ ವರ್ಷಕ್ಕೆ ಶೇ. 42. 60,000ಕ್ಕೆ ತಿಂಗಳ ಬಡ್ಡಿ 2,100 ರೂಪಾಯಿ. ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 378. ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು ಕಾಣುವ 3,000 ಕಟ್ಟಿದರೆ ಅಸಲಿಗೆ ಸೇರುವುದು 522 ಮಾತ್ರ! ಕಾರ್ಡಿನಿಂದ ನಗದು ತೆಗೆದರಂತೂ ಬಡ್ಡಿ ಅದೇ ದಿನದಿಂದ ಶುರು.

"ಬಡ ವಿಧವೆ ತನ್ನಲ್ಲಿದ್ದುದನ್ನೆಲ್ಲ ಕೊಟ್ಟಳಲ್ಲ ಸ್ವಾಮಿ?" ಎಂದು ಕೇಳಿದ. ಹೌದು, ಕೊಟ್ಟಳು. ಆದರೆ ತನ್ನಲ್ಲಿ ಇದ್ದುದನ್ನು ಕೊಟ್ಟಳು. ಇಲ್ಲದ್ದನ್ನು ಸಾಲ ತಂದು ಹಾಕಲಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ಹೇಳಿ ತಪ್ಪಿಸಿಕೊಳ್ಳುವವರನ್ನು ಪ್ರಭು ಯೇಸು ಖಂಡಿಸಿದ್ದನ್ನು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿ ಓದುತ್ತೇವೆ. ಅವರವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸುವ ಸ್ಥಿರ ಮನಸ್ಸೇ ನ್ಯಾಯ ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ. ನ್ಯಾಯವನ್ನು ಬದಿಗಿಟ್ಟು ಮಾಡಿದ ದಾನ ಅಡಿಪಾಯವಿಲ್ಲದ ಗೋಪುರ.

ಹಾಗಾದರೆ ಏನು ಮಾಡಬೇಕು? ಮೊದಲು ಕಾರ್ಡಿನ ಬಳಕೆ ನಿಲ್ಲಿಸಿ. ಸಾಲವನ್ನು ಮನೆಯವರಿಂದ ಮುಚ್ಚಿಡಬೇಡಿ. ಬಚ್ಚಿಟ್ಟ ಸಾಲ ಬಚ್ಚಿಟ್ಟ ಗಾಯದಂತೆ ಕೊಳೆಯುತ್ತದೆ. ಬ್ಯಾಂಕಿನವರೊಡನೆ ಮಾತನಾಡಿ, ಬಾಕಿಯನ್ನು ಕಡಿಮೆ ಬಡ್ಡಿಯ ಕಂತುಗಳಿಗೆ ಬದಲಿಸಲು ಕೇಳಿ. ಒಂದು ಕಾರ್ಡಿನ ಸಾಲ ತೀರಿಸಲು ಇನ್ನೊಂದು ಕಾರ್ಡು ಪಡೆಯಬೇಡಿ. ವಸೂಲಿಗೆ ಬರುವವರು ಬೆದರಿಸುವುದು ರಿಸರ್ವ್ ಬ್ಯಾಂಕಿನ ನಿಯಮಕ್ಕೆ ವಿರುದ್ಧ. ಮೊದಲು ಬ್ಯಾಂಕಿಗೆ ಲಿಖಿತ ದೂರು ಕೊಡಿ. ಸಾಲ ತೀರಿದ ಮೇಲೂ ಕಾರ್ಡು ಬೇಕೆನಿಸಿದರೆ, ಪ್ರತಿ ತಿಂಗಳ ಬಿಲ್ಲನ್ನು ಪೂರ್ತಿಯಾಗಿ ಕಟ್ಟುವಷ್ಟೇ ಖರ್ಚು ಮಾಡಿ.

ಹಿರಿಯರಿಗೂ ಒಂದು ಮಾತು. 1462ರಲ್ಲಿ ಇಟಲಿಯ ಪೆರೂಜಿಯಾದಲ್ಲಿ ಫ್ರಾನ್ಸಿಸ್ಕನ್ ಸಹೋದರರ ಪ್ರೇರಣೆಯಿಂದ ಬಡವರಿಗೆ ಅಲ್ಪ ಬಡ್ಡಿಗೆ ಅಡವಿನ ಸಾಲ ಕೊಡುವ ನಿಧಿ ಆರಂಭವಾಯಿತು. ಇಂಥ ನಿಧಿಗಳನ್ನು 1515ರಲ್ಲಿ ಐದನೇ ಲ್ಯಾಟರನ್ ಮಹಾಸಭೆ ಮಾನ್ಯ ಮಾಡಿತು. ಸಾಲ ಮಾಡಬೇಡಿ ಎಂದು ಉಪದೇಶಿಸಿ ಧರ್ಮಸಭೆ ಸುಮ್ಮನಾಗಲಿಲ್ಲ. ಸಾಲದಲ್ಲಿ ಬಿದ್ದವರಿಗೆ ಕೈ ಕೊಟ್ಟಿತು. ನಮ್ಮ ಮಕ್ಕಳು ಸಾಲದ ವಿಷಯ ಬಾಯಿಬಿಟ್ಟಾಗ ನಾವು ಮೊದಲು ಬೈಯುತ್ತೇವೆಯೋ, ಜೊತೆಗೆ ಕುಳಿತು ಲೆಕ್ಕ ನೋಡುತ್ತೇವೆಯೋ?

ಆ ಯುವಕ ತಾಯಿಗೆ ಎಲ್ಲವನ್ನೂ ಹೇಳಿದ. ಸಾಲ ಇನ್ನೂ ತೀರಿಲ್ಲ, ಆದರೆ ಪ್ರತಿ ತಿಂಗಳೂ ಇಳಿಯುತ್ತಿದೆ. ನಾನು ಕಾಣಿಕೆ ಕೊಟ್ಟವರ ಹೆಸರು ಓದುವುದನ್ನು ನಿಲ್ಲಿಸಿದ್ದೇನೆ. ಈ ವರ್ಷದ ಹಬ್ಬಕ್ಕೆ ಅವನು ಹಣ ಕೊಡಲಿಲ್ಲ. ಎರಡು ದಿನ ರಜೆ ಹಾಕಿ ಬಂದು ಚಪ್ಪರ ಕಟ್ಟಿದ. ಅದು ಪೂರ್ತಿಯಾಗಿ ಅವನದೇ ಕಾಣಿಕೆ.