ಸಿಡಿಲು ಬಡಿದ ಮರಕ್ಕೆ ಒಂದು ಮಳೆಗಾಲ

ಶಿಕಾರಿಪುರ, ಸೊರಬದ ಕಡೆ ಭರಣಿ, ಕೃತ್ತಿಕೆ ಮಳೆಗಳು ಬರುವುದೇ ಗುಡುಗು ಸಿಡಿಲು ಕಟ್ಟಿಕೊಂಡು. ರಾತ್ರಿ ಮಳೆ ಹೊಡೆದು ಹೋದ ಮೇಲೆ, ಹಳ್ಳದ ದಂಡೆಯ, ಉಪ್ಪಿನಕಾಯಿ ಮಿಡಿ ಕೊಡುವ ಹಳೆಯ ಅಪ್ಪೆಮಾವಿನ ಮರದ ತೊಗಟೆ ತುದಿಯಿಂದ ಬುಡದವರೆಗೆ ಸೀಳಿದ್ದು ಕಂಡರೆ ಬಾಯಿಗೆ ಬರುವ ಮೊದಲ ಮಾತು: ‘ಇದರ ಕತೆ ಮುಗೀತು, ಕಡಿಸಿಬಿಡಿ.’ ಈ ಆತುರ ಬೇಡ.

ಸಿಡಿಲು ಮರದೊಳಗೆ ಹರಿದಾಗ ತೊಗಟೆಯಡಿಯ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಹಿಗ್ಗುತ್ತದೆ, ತೊಗಟೆಯನ್ನು ಸಿಡಿಸುತ್ತದೆ. ತೆಂಗು, ಅಡಿಕೆಯ ಜೀವವೆಲ್ಲ ಒಂದೇ ಸುಳಿಯಲ್ಲಿದೆ. ಅದು ಸುಟ್ಟರೆ ಮರ ಹೋಯಿತು. ಮಾವು, ಹಲಸು, ಆಲ ಹಾಗಲ್ಲ. ಸೀಳು ಒಂದು ಪಟ್ಟಿಯಷ್ಟೇ ಇದ್ದು, ಉಳಿದ ಸುತ್ತಿನ ತೊಗಟೆ ಗಟ್ಟಿಯಾಗಿ ಅಂಟಿದ್ದರೆ ಅವು ಚೇತರಿಸಿಕೊಳ್ಳಬಲ್ಲವು. ಆದರೆ ಬೇರಿಗೆ ಬಿದ್ದ ಪೆಟ್ಟು ಹೊರಗೆ ಕಾಣದು. ಇಂದು ಹಸಿರಾಗಿರುವ ಎಲೆ ಕೆಲವು ವಾರ ಕಳೆದು ಬಾಡಬಹುದು, ಬೋಳಾದ ಕೊಂಬೆ ಚಿಗುರಬಹುದು. ತೀರ್ಮಾನಕ್ಕೆ ಒಂದು ಮಳೆಗಾಲವಾದರೂ ಕಾಯಬೇಕು.

ಕಾಂಡವೇ ಆರಪಾರ ಬಿರಿದು ಮನೆ, ಶಾಲೆ, ದಾರಿಯ ಕಡೆ ವಾಲಿದ್ದರೆ ಮಾತ್ರ ಕಾಯುವುದು ತಪ್ಪು. ಜನರ ಜೀವ ಮೊದಲು. ಮುರಿದು ನೇತಾಡುವ ಕೊಂಬೆಗಳನ್ನು ಕೆಲಸ ಬಲ್ಲವರಿಂದ ಇಳಿಸಿ. ಸಡಿಲವಾದ ತೊಗಟೆಯನ್ನಷ್ಟೇ ಹರಿತ ಕತ್ತಿಯಿಂದ ಬಿಡಿಸಿ. ಗಾಯಕ್ಕೆ ಟಾರು, ಬಣ್ಣ ಬಳಿಯಬೇಡಿ. ಬುಡದ ಸುತ್ತ ಕಾಂಡಕ್ಕೆ ತಾಗದಂತೆ ದರಗು ಹೊದಿಸಿ, ಮಳೆ ತಡವಾದರೆ ನೀರುಣಿಸಿ. ಗೊಬ್ಬರ ಸುರಿಯುವ ಅವಸರ ಬೇಡ. ಕಾಂಡದಿಂದ ಮರದ ಹುಡಿ ಉದುರತೊಡಗಿದರೆ ಕೊರಕ ಹುಳು ಸೇರಿದೆ ಎಂದೇ ಲೆಕ್ಕ.

ಮರ ಕಾನಿನೊಳಗೆ, ಅಂದರೆ ಸದಾ ಹಸಿರಿನ ಕಾಡಿನೊಳಗೆ, ಇದ್ದರೆ ಅದರ ಪಾಡಿಗೆ ಬಿಡುವುದೇ ಸರಿ. ಅಲ್ಲಿ ಒಣಗಿ ನಿಂತ ಮರವೂ ಮರಕುಟುಕ, ಗೂಬೆಗಳಿಗೆ ಪೊಟರೆಯ ಮನೆ ಕೊಡುತ್ತದೆ.

ಅಪ್ಪೆಮರಕ್ಕೆ ಇನ್ನೂ ಒಂದು ಕೆಲಸ ಬಾಕಿಯಿದೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ನಮ್ಮ ಅಪ್ಪೆಮಿಡಿಯಲ್ಲಿ ಮರಕ್ಕೊಂದು ರುಚಿ, ಮರಕ್ಕೊಂದು ಪರಿಮಳ. ಜೀರಿಗೆಯ ಕಂಪಿನ ಮರ ಒಣಗಿತೆಂದರೆ ಅದರ ಗೊರಟಿನಿಂದ ಹುಟ್ಟಿದ ಸಸಿ ಅದೇ ಕಂಪು ಕೊಡುತ್ತದೆಂಬ ಖಾತ್ರಿಯಿಲ್ಲ. ತಾಯಿಮರದ ಗುಣ ಉಳಿಯುವುದು ಕಸಿಯಿಂದಲೇ. ಎಷ್ಟೇ ಆರೈಕೆ ಮಾಡಿದರೂ ಸಿಡಿಲು ತಿಂದ ಮರ ಉಳಿಯದೆ ಹೋಗಬಹುದು. ಜೀವವಿರುವ ಕೊಂಬೆಯಿಂದ ಬಲಿತ ಕಡ್ಡಿ ಆಯ್ದು ಊರ ಮಾವಿನ ಸಸಿಗೆ ಕಟ್ಟಲು ಮಳೆಗಾಲ ಒಳ್ಳೆಯ ಹೊತ್ತು. ಆದ್ದರಿಂದ ಕಸಿ ಕಟ್ಟುವವರನ್ನು ಮೊದಲು ಕರೆಯಿರಿ, ಮರ ಕಡಿಯುವವರನ್ನು ಆಮೇಲೆ.